ದೊಡ್ಡ ತಲೆ, ಸಣ್ಣ ಕತ್ತು

ನಿವೃತ್ತರಾದ ಮೇಲೆ ಮೇಷ್ಟ್ರು ಗದ್ದೆ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಹುಲ್ಲು ಸವರುವುದನ್ನು ಊರೇ ನೋಡಿದೆ. "ಏನು ಬಿತ್ತು ಸ್ವಾಮಿ?" ಎಂದು ದಾರಿಹೋಕರು ಕೇಳುತ್ತಾರೆ.

ಬಿದ್ದದ್ದೇನೂ ಇಲ್ಲ. ಮೇಷ್ಟ್ರು ಹುಡುಕುವುದು ಸ್ಕಿಪ್ಪರ್ ಚಿಟ್ಟೆಯ ಹುಳು. ಹಸಿರು ಹುಲ್ಲಿನಲ್ಲಿ ಹಸಿರು ಹುಳು, ಅದೂ ಎಲೆಯ ಅಂಚುಗಳನ್ನು ರೇಷ್ಮೆ ಎಳೆಯಿಂದ ಹೊಲಿದುಕೊಂಡು ಬೀಡಿಯಂಥ ಸುರುಳಿಯೊಳಗೆ. ಗುರುತು ಹಿಡಿಯಬೇಕಾದರೆ ಮೊದಲು ಕನ್ನ ಹಾಕಬೇಕು.

ಕನ್ನ ಹಾಕಿದ ಮನೆಯಲ್ಲೆಲ್ಲ ಸ್ಕಿಪ್ಪರೇ ಸಿಗುವುದಿಲ್ಲ. ಮುಟ್ಟಿದೊಡನೆ ಮೈ ಕೊಸರಿ ಜಾರಿಕೊಂಡರೆ ಅದು ಭತ್ತದ ಎಲೆ ಸುರುಳಿ ಹುಳು, ಪತಂಗದ ಸಂತಾನ. ಎಲೆಯ ಮೇಲೆ ಬಯಲಲ್ಲೇ ಕೂತ ಹುಳುವಿಗೆ ತಲೆಯಲ್ಲಿ ಎರಡು ಕೊಂಬು, ಹಿಂದೆ ಕವಲು ಬಾಲ ಇದ್ದರೆ ಕಾಮನ್ ಈವನಿಂಗ್ ಬ್ರೌನ್. ಸ್ಕಿಪ್ಪರ್‌ಗೆ ಕೊಂಬಿಲ್ಲ, ಕವಲಿಲ್ಲ, ಇರುವುದೆಲ್ಲ ತಲೆ. ಮೈಗೆ ಒಪ್ಪದ ದಪ್ಪ ತಲೆ, ಅದರ ಹಿಂದೆ ಹಿಚುಕಿದಂಥ ಕತ್ತು. ಕಾಲರಿನ ಗುಂಡಿಯನ್ನೂ ಬಿಡದೆ ಹಾಕಿಕೊಂಡು ಬರುತ್ತಿದ್ದ ಸ್ಕೂಲ್ ಇನ್‌ಸ್ಪೆಕ್ಟರರೊಬ್ಬರು ಮೇಷ್ಟ್ರಿಗೆ ನೆನಪಾಗುತ್ತಾರೆ. ಆ ತಲೆಯ ಮೇಲೆ ಕೆಂಪು 'ವಿ' ಗೀಟಿದ್ದರೆ ಪೆಲೋಪಿಡಾಸ್ ಮಥಿಯಾಸ್, ಅಂದರೆ ಭತ್ತದ ಸ್ಕಿಪ್ಪರ್. ಗೀಟು ಸ್ಪಷ್ಟವಾಗಿ ಕಂಡರೆ, ಆ ಮಾತು.

ಹೆಸರನ್ನು ನಂಬಿ ಹೊರಟರಂತೂ ಕೆಟ್ಟಿರಿ. ಗ್ರಾಸ್ ಡೀಮನ್ ಎಂಬ ಸ್ಕಿಪ್ಪರನ್ನು ಮೇಷ್ಟ್ರು ಒಂದು ಮಳೆಗಾಲವಿಡೀ ಹುಲ್ಲಿನಲ್ಲಿ ಅರಸಿದರು. ಅದರ ಹುಳು ಹಿತ್ತಲಿನ ಅರಿಸಿನದ ಎಲೆ ಮೇಯುತ್ತಿತ್ತು.

ಈ ವಂಶದ ಶುಚಿತ್ವ ಮಾತ್ರ ಮೆಚ್ಚತಕ್ಕದ್ದು. ಅಮೆರಿಕದ ಮಾರ್ಥಾ ವೈಸ್ 2003ರಲ್ಲಿ ಬರೆದ ಪ್ರಕಾರ, ಅಲ್ಲಿನ ಸಿಲ್ವರ್ ಸ್ಪಾಟೆಡ್ ಸ್ಕಿಪ್ಪರಿನ ಹುಳು ತನ್ನ ಹಿಕ್ಕೆಯನ್ನು ಮೈಯುದ್ದದ 38 ಪಟ್ಟು ದೂರಕ್ಕೆ ಚಿಮ್ಮಿಸಬಲ್ಲದು. ಹಿಕ್ಕೆ ಮನೆಯಲ್ಲೇ ಉಳಿದರೆ ವಾಸನೆ ಹಿಡಿದು ಕಣಜ ಬರುತ್ತದೆ.

ಬಂದೂ ಬರುತ್ತದೆ. 'ವಿ' ಇದೆಯೋ ಇಲ್ಲವೋ ತಿಳಿಯದ ಒಂದು ಹುಳುವನ್ನು ಮೇಷ್ಟ್ರು ಬಾಟಲಿಗೆ ಹಾಕಿ, 'ಪೆಲೋಪಿಡಾಸ್?' ಎಂದು ಚೀಟಿ ಅಂಟಿಸಿ, ಎರಡು ವಾರ ದಿನವೂ ಹೊಸ ಹುಲ್ಲು ತಂದು ಸಾಕಿದರು. ಒಂದು ಬೆಳಿಗ್ಗೆ ಅಡುಗೆಮನೆಯಿಂದ ಕೂಗು: "ರೀ, ನಿಮ್ಮ ಕಂಬಳಿಹುಳ ಮೊಟ್ಟೆ ಇಟ್ಟಿದೆ!"

"ಕಂಬಳಿ ಎಲ್ಲಿದೆಯೇ ಅದಕ್ಕೆ? ಹುಳ ಮೊಟ್ಟೆ ಇಡಲ್ಲ ಕಣೆ," ಎನ್ನುತ್ತ ಬಂದ ಮೇಷ್ಟ್ರು ಕನ್ನಡಕ ಒರೆಸಿಕೊಂಡು ನೋಡಿದರು. ಸೊರಗಿದ ಹುಳುವಿನ ಸುತ್ತ ಅಕ್ಕಿನುಚ್ಚಿನಂಥ ಬಿಳಿ ಗೂಡುಗಳು. ಹುಳುವಿನ ಒಡಲೊಳಗೇ ಉಂಡು ಬೆಳೆದು ಹೊರಬಂದ ಪರಾವಲಂಬಿ ಕಣಜದ ಮರಿಗಳವು.

ಮೇಷ್ಟ್ರು ಚೀಟಿಯ ಮೇಲಿನ ಹೆಸರನ್ನು ಹೊಡೆದುಹಾಕಿದರು. ಪ್ರಶ್ನಾರ್ಥಕ ಚಿಹ್ನೆಯನ್ನು ಹಾಗೇ ಬಿಟ್ಟರು.