ಈಜುಕೊಳ ಕಟ್ಟಿ, ನೀರು ಮಾತ್ರ ಬಿಡಬೇಡಿ

ಇವರಿಗೆ: ಬೆಂಗಳೂರಿನ ಬಡಾವಣೆ ಪಾರ್ಕುಗಳಲ್ಲಿ ಈಜುಕೊಳ ಕಟ್ಟಿಸಹೊರಟ ಸಮಸ್ತ ಜನಪ್ರತಿನಿಧಿಗಳು, ಎಂಜಿನಿಯರುಗಳು ಮತ್ತು ಗುತ್ತಿಗೆದಾರರು

ವಿಷಯ: ಪಾರ್ಕಿನ ಈಜುಕೊಳಕ್ಕೆ ನೀರು ತುಂಬಿಸದಿರುವಂತೆ ಕೋರಿ

ಮಾನ್ಯರೇ,

ಪಾರ್ಕಿಗೊಂದು ಸಾರ್ವಜನಿಕ ಈಜುಕೊಳ ತರುವ ತಮ್ಮ ಸಂಕಲ್ಪಕ್ಕೆ ಅಭಿನಂದನೆಗಳು. ಜೊತೆಗೊಂದು ನಮ್ರ ವಿನಂತಿ: ದಯವಿಟ್ಟು ಅದಕ್ಕೆ ನೀರು ಬಿಡಬೇಡಿ. ಈ ಯೋಜನೆಯಲ್ಲಿ ತಮಗೆ ನಿಜಕ್ಕೂ ಬೇಕಾದದ್ದೆಲ್ಲ ನೀರಿಲ್ಲದೆಯೇ ನೆರವೇರುತ್ತದೆ. ಗುದ್ದಲಿ ಪೂಜೆಗೆ ಒಂದು ತೆಂಗಿನಕಾಯಿಯೊಳಗಿನಷ್ಟು ನೀರು ಸಾಕು. ಅಂದಾಜುಪಟ್ಟಿ, ಪರಿಷ್ಕೃತ ಅಂದಾಜುಪಟ್ಟಿ, ಅವಸರ ಬಿದ್ದರೆ ಟೆಂಡರ್ ಕರೆಯದಿರಲು 1999ರ ಪಾರದರ್ಶಕತೆ ಕಾಯ್ದೆಯ 4(ಜಿ) ವಿನಾಯಿತಿ, ಆಮೇಲೆ ಬಿಲ್ಲು, ಇವಕ್ಕೆ ಅಷ್ಟೂ ಬೇಡ. ನೀಲಿ ಟೈಲ್ಸು ಒಣಗಿದ್ದರೇ ಫೋಟೊದಲ್ಲಿ ಹೆಚ್ಚು ಹೊಳೆಯುತ್ತದೆ. ತಾಪತ್ರಯ ಶುರುವಾಗುವುದೇ ನಲ್ಲಿ ತಿರುಗಿಸಿದ ಮೇಲೆ.

ನೀರು ದುಬಾರಿ ಎಂಬ ಕಾರಣಕ್ಕೆ ಹೀಗೆ ಹೇಳುತ್ತಿದ್ದೇನೆಂದು ಭಾವಿಸಬೇಡಿ. ಲೆಕ್ಕ ಹಾಕಿಯೇ ನೋಡೋಣ. 25 ಮೀಟರ್ ಉದ್ದ, 12.5 ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳದ ಕೊಳ ಹಿಡಿಯುವುದು ಸುಮಾರು 4.4 ಲಕ್ಷ ಲೀಟರ್. 2024ರ ಮಾರ್ಚಿನಲ್ಲಿ ಊರಿಗೆ ಊರೇ ನೀರಿಗಾಗಿ ಪರದಾಡುತ್ತಿದ್ದಾಗ, ಐದು ಕಿಲೋಮೀಟರಿನೊಳಗೆ ತಂದು ಸುರಿಯುವ 12 ಸಾವಿರ ಲೀಟರಿನ ಟ್ಯಾಂಕರಿಗೆ ಜಿಲ್ಲಾಡಳಿತ 1,000 ರೂಪಾಯಿ ದರ ಗೊತ್ತುಮಾಡಿತ್ತು. ಆ ದರದಲ್ಲಿ 37 ಟ್ಯಾಂಕರಿಗೆ 37 ಸಾವಿರ ರೂಪಾಯಿ. ಉದ್ಘಾಟನೆಯ ಶಾಮಿಯಾನ, ಮೈಕು, ಮೈಸೂರು ಪೇಟ, ಹಣ್ಣಿನ ಬುಟ್ಟಿಯ ಲೆಕ್ಕದಲ್ಲಿ ಇದನ್ನು ಸೇರಿಸಿಬಿಟ್ಟರೆ ಲೆಕ್ಕಪರಿಶೋಧಕರ ಕಣ್ಣಿಗೂ ಬೀಳದು. ತುಂಬಿದ ನೀರನ್ನು ದಿನಾ ಚೆಲ್ಲಬೇಕಾಗಿಯೂ ಇಲ್ಲ. ಬಿಸಿಲಿಗೆ ದಿನಕ್ಕೆ ಐದು ಮಿಲಿಮೀಟರ್ ಆವಿಯಾದರೂ ಹೋಗುವುದು 1,560 ಲೀಟರ್; ತಲೆಗೆ 135 ಲೀಟರಿನಂತೆ ಸುಮಾರು ಹನ್ನೆರಡು ಜನರ ಒಂದು ದಿನದ ಬಳಕೆ. ಫಿಲ್ಟರ್ ತೊಳೆಯುವುದಕ್ಕೆ ಇನ್ನಷ್ಟು ಸೇರಿಸಿಕೊಳ್ಳಿ.

ಖರ್ಚಿರುವುದು ತುಂಬಿದ ನೀರನ್ನು ಈಜಲು ಯೋಗ್ಯವಾಗಿ ಉಳಿಸಿಕೊಳ್ಳುವುದರಲ್ಲಿ. ಆರು ತಾಸಿಗೊಮ್ಮೆ ಇಡೀ ಕೊಳದ ನೀರು ಮರಳಿನ ಫಿಲ್ಟರ್ ಹಾದು ಬರಬೇಕೆಂದರೆ ಮೋಟಾರು ಹಗಲೂ ರಾತ್ರಿ ಓಡಬೇಕು. ಬೆಳಗಿನ ಮೊದಲ ಬ್ಯಾಚ್ ಇಳಿಯುವ ಮುಂಚೆ ನೌಕರನೊಬ್ಬ ಬೆರಳುದ್ದದ ಎರಡು ಕೊಳವೆಗಳಲ್ಲಿ ನೀರು ಹಿಡಿದು, ಎರಡಕ್ಕೂ ಬೇರೆ ಬೇರೆ ದ್ರಾವಣದ ಹನಿ ಬಿಟ್ಟು, ಒಂದರ ಹಳದಿಯಲ್ಲಿ ಕ್ಲೋರಿನ್ನನ್ನೂ ಇನ್ನೊಂದರ ಕೆಂಪಿನಲ್ಲಿ ಪಿಎಚ್ ಮಟ್ಟವನ್ನೂ ನೋಡಬೇಕು. ಹಳದಿ ತೀರಾ ತೆಳುವಾದರೆ ರೋಗಾಣುವಿಗೆ ಹಬ್ಬ, ಗಾಢವಾದರೆ ಮಕ್ಕಳಿಗೆ ಕಣ್ಣುರಿ. ಎರಡು ಪಾಳಿಗೆ ಲೈಫ್‌ಗಾರ್ಡ್‌ಗಳು, ಮಹಿಳೆಯರ ಬ್ಯಾಚಿಗೆ ತರಬೇತುಗಾರ್ತಿ, ವೈರಿಂಗ್ ನೋಡಲು ಎಲೆಕ್ಟ್ರಿಷಿಯನ್, ಬಟ್ಟೆ ಬದಲಿಸುವ ಕೋಣೆ ತೊಳೆಯುವವರು: ಎಲ್ಲರಿಗೂ ತಿಂಗಳು ತಿಂಗಳು ಸಂಬಳ ಬೇಕು. ಕಾಮಗಾರಿಗೆ ಕೋಟಿಗಳು ಒದಗುವ ಬಜೆಟ್ಟಿನಲ್ಲಿ ಇದಕ್ಕೆ ಮಾತ್ರ ದುಡ್ಡು ಹುಟ್ಟುವುದಿಲ್ಲ, ಏಕೆಂದರೆ ಕ್ಲೋರಿನ್ ಡಬ್ಬಕ್ಕೆ ಕಟ್ಟಿದ ರಿಬ್ಬನ್ ಕತ್ತರಿಸಲು ಯಾವ ಗಣ್ಯರೂ ಬರುವುದಿಲ್ಲ. ಎಮ್ಮೆಗೆ ಸಾಲ ಸಿಕ್ಕಿ ಹುಲ್ಲಿಗೆ ಕಾಸಿಲ್ಲದ ಸಂಸಾರ ಇದು. ಮೋಟಾರು ಸುಡುತ್ತದೆ, ದುರಸ್ತಿಯ ಟೆಂಡರ್ ತಡವಾಗುತ್ತದೆ, ನೀರು ಹಸಿರಾಗುತ್ತದೆ, ಗೇಟಿಗೆ ಬೀಗ ಬೀಳುತ್ತದೆ. ಒಳಗೆ ಉಚಿತವಾಗಿ ಈಜುವುದು ಸೊಳ್ಳೆಮರಿಗಳು.

ಈಜು ಉಳ್ಳವರ ಶೋಕಿ, ಪಾಲಿಕೆಗೇಕೆ ಈ ಉಸಾಬರಿ ಎನ್ನುವವರಿದ್ದಾರೆ. ಉಳ್ಳವರಿಗೆ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲೇ ಕೊಳವಿದೆ. ತಮ್ಮ ಗುದ್ದಲಿ ಪೂಜೆಗೆ ಅವರು ಕಾದು ಕುಳಿತಿಲ್ಲ. ಇಲ್ಲದವರ ಮಕ್ಕಳು ಬೇಸಿಗೆ ರಜೆಯಲ್ಲಿ ಈಜು ಕಲಿಯಲು ಹೋಗುವುದು ಕಲ್ಲುಕ್ವಾರಿಯ ಹೊಂಡಕ್ಕೆ, ಹೂಳೆತ್ತಿ ಬಿಟ್ಟ ಕೆರೆಗೆ, ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡಕ್ಕೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ನೀರಿನಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು. ಈಜು ಬಂದಿದ್ದರೆ ಅವರೆಲ್ಲ ಉಳಿಯುತ್ತಿದ್ದರೆಂದಲ್ಲ. ಆದರೆ ಅದು ಜೀವ ಉಳಿಸುವ ವಿದ್ಯೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? 2000ರಲ್ಲಿ ಸಿಡ್ನಿ ಒಲಿಂಪಿಕ್ಸಿಗೆ ನಿಶಾ ಮಿಲ್ಲೆಟ್ ಅವರನ್ನೂ 2024ರಲ್ಲಿ ಪ್ಯಾರಿಸ್ಸಿಗೆ 14 ವರ್ಷದ ಧಿನಿಧಿ ದೇಸಿಂಗು ಅವರನ್ನೂ ಕಳಿಸಿದ ಊರು, ತನ್ನ ಸರ್ಕಾರಿ ಶಾಲೆಯ ಹುಡುಗಿಗೆ ಎದೆಮಟ್ಟದ ನೀರಿನಲ್ಲಿ ಕೈಕಾಲು ಬಡಿಯಲು ಜಾಗ ಕೊಡಲಾರದೆ?

ಕಾವೇರಿಯನ್ನು ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತರುವ ಊರಿನಲ್ಲಿ ಈಜಾಟವೇ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. 2024ರ ಮಾರ್ಚಿನಲ್ಲಿ ಜಲಮಂಡಳಿಯೇ ಈಜುಕೊಳಕ್ಕೆ ಕುಡಿಯುವ ನೀರು ಬಳಸಿದವರಿಗೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತ್ತು. ಅಂಥ ವರ್ಷ ಕೊಳ ಮುಚ್ಚಬೇಕು, ಆ ಷರತ್ತು ಯೋಜನೆಯಲ್ಲೇ ಇರಬೇಕು. ಮಿಕ್ಕ ವರ್ಷಗಳಲ್ಲಿ, ಒಂದೇ ನೀರಿನಲ್ಲಿ ಬ್ಯಾಚಿನ ಮೇಲೆ ಬ್ಯಾಚ್ ಕಲಿಯುವ ಸಾರ್ವಜನಿಕ ಕೊಳಕ್ಕಿಂತ ಮಿತವ್ಯಯದ ಈಜುಕೊಳ ಇನ್ನೊಂದಿಲ್ಲ. ಪಾರ್ಕಿನ ಪ್ರಶ್ನೆಯೂ ಇದೆ. ಉದ್ಯಾನ, ಆಟದ ಬಯಲುಗಳ ರಕ್ಷಣೆಗೆಂದೇ 1985ರ ಕಾಯ್ದೆಯಿದೆ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟದ್ದು ಸಲ್ಲದೆಂದು ಸುಪ್ರೀಂ ಕೋರ್ಟು 1991ರಲ್ಲೇ ಹೇಳಿದೆ. ರೋಗಿಗಳ ಹೆಸರಿನಲ್ಲೇ ದಕ್ಕದ ಪಾರ್ಕು ಈಜುಗಾರರ ಹೆಸರಿನಲ್ಲಿ ಕೆಫೆಗೂ ಜಿಮ್ಮಿಗೂ ಕಾರ್ ಪಾರ್ಕಿಂಗಿಗೂ ದಕ್ಕೀತೆಂಬ ಆಸೆ ಬೇಡ. ಇನ್ನು ನಿರ್ವಹಣೆಯನ್ನು ಖಾಸಗಿಯವರಿಗೆ ವಹಿಸಿದರಾಯಿತು ಎನ್ನುವ ಜಾಣರಿಗೆ ಒಂದೇ ಮಾತು: ಶುಲ್ಕದ ಮಿತಿಯೂ ಬಡ ಮಕ್ಕಳ ಉಚಿತ ಬ್ಯಾಚೂ ಕರಾರಿನಲ್ಲಿ ಇಲ್ಲದಿದ್ದರೆ, ಅದು ನಮ್ಮ ತೆರಿಗೆಯಲ್ಲಿ ಕಟ್ಟಿಕೊಟ್ಟ ಇನ್ನೊಂದು ಕ್ಲಬ್‌ಹೌಸ್.

ಇಷ್ಟಾದರೂ ನೀರು ತುಂಬಿಸಿಯೇ ತೀರುತ್ತೇವೆಂದು ತಾವು ಹಟ ಹಿಡಿದರೆ, ಕೆಲಸವನ್ನು ಹಿಂದುಮುಂದು ಮಾಡಿ. ಮೊದಲು ಹತ್ತು ವರ್ಷದ ನಿರ್ವಹಣೆಯ ಹಣ ಬೇರೆ ಕಾಮಗಾರಿಗೆ ತಿರುಗಿಸಲಾಗದ ಖಾತೆಯಲ್ಲಿ ಕೂರಲಿ. ಆಮೇಲೆ ಲೈಫ್‌ಗಾರ್ಡ್ ಹುದ್ದೆಗಳು ಮಂಜೂರಾಗಲಿ. ಕೊನೆಗೆ ಗುದ್ದಲಿ ನೆಲಕ್ಕೆ ಬೀಳಲಿ. ಜವಾಬ್ದಾರರು ಯಾರೆಂಬುದೂ ಬರಹದಲ್ಲಿರಲಿ. 2020ರ ಸೆಪ್ಟೆಂಬರಿನಲ್ಲಿ ಚುನಾಯಿತ ಕೌನ್ಸಿಲ್ಲಿನ ಅವಧಿ ಮುಗಿದ ಮೇಲೆ ಐದು ವರ್ಷ ಕಾರ್ಪೊರೇಟರೇ ಇಲ್ಲದೆ ಕಳೆದು, 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಐದಾದ ಊರಿದು. ಹಳೆಯ ಕಡತ ಯಾವ ಕಚೇರಿಯ ಕಪಾಟಿನಲ್ಲಿದೆಯೆಂದು ಕೇಳುತ್ತ ಅಲೆಯುವ ಶಕ್ತಿ ಈಜುಗಾರರಿಗೂ ಇರುವುದಿಲ್ಲ. ಆದ್ದರಿಂದ ಗೇಟಿನ ಗ್ರಾನೈಟ್ ಫಲಕದಲ್ಲೇ ವರ್ಷದ ನಿರ್ವಹಣಾ ಮೊತ್ತ, ಕೊಳ ತೆರೆದಿರುವ ಹೊತ್ತು, ಬೀಗ ಬಿದ್ದರೆ ಉತ್ತರ ಕೊಡಬೇಕಾದ ಅಧಿಕಾರಿಯ ಹುದ್ದೆ ಕೆತ್ತಿಸಿ. ಅಷ್ಟೆಲ್ಲ ಬರೆಯಲು ಕಲ್ಲಿನಲ್ಲಿ ಜಾಗ ಸಾಲದೆಂದರೆ, ‘ಘನ ಉಪಸ್ಥಿತಿ’ಯಲ್ಲಿ ನಾಲ್ಕು ಹೆಸರು ಕಡಿಮೆ ಮಾಡಿ.

ಇತಿ,
ಆಸ್ತಿ ತೆರಿಗೆಯನ್ನೂ ನೀರಿನ ಬಿಲ್ಲನ್ನೂ ತಪ್ಪದೆ ಕಟ್ಟುವ ಒಬ್ಬ ನಾಗರಿಕ