ಲುಂಗಿಯಲ್ಲಿ ಕಂಡ ಮನುಷ್ಯ

ದಾಸವಾಳದ ಗಿಡ ನಮ್ಮದು. ಹೂ ಮಾತ್ರ ಬೀದಿಯ ಎಲ್ಲ ಮನೆಗಳ ದೇವರದು. ಈ ಅನ್ಯಾಯ ತಡೆಯಲೆಂದು ಗೇಟಿನ ಪಕ್ಕ ಸಿಸಿಟಿವಿ ಹಾಕಿಸಿದೆ. ಆ ರಾತ್ರಿಯೇ ಮೊಬೈಲು ಬಡಿದುಕೊಂಡಿತು: ‘ಮನುಷ್ಯ ಪತ್ತೆಯಾಗಿದ್ದಾನೆ!’ ದೊಣ್ಣೆ ಹಿಡಿದು ಓಡಿದರೆ, ತಂತಿಯ ಮೇಲೆ ನನ್ನದೇ ಲುಂಗಿ ಗಾಳಿಗೆ ಓಲಾಡುತ್ತಿತ್ತು. ದೊಣ್ಣೆ ಹಿಡಿದು ನಿಂತ ನನ್ನ ಬಗ್ಗೆ ಮಾತ್ರ ಮೊಬೈಲು ತುಟಿ ಪಿಟಕ್ಕೆನ್ನಲಿಲ್ಲ. ನನಗಿಂತ ನನ್ನ ಲುಂಗಿಯಲ್ಲೇ ಮನುಷ್ಯತ್ವ ಹೆಚ್ಚು ಎಂಬುದು ನನ್ನ ಹೆಂಡತಿಯ ಅಭಿಪ್ರಾಯವೂ ಹೌದು.

ಕತ್ತಲಲ್ಲಿ ಕಾಣಲೆಂದು ಕ್ಯಾಮೆರಾ ಇನ್‌ಫ್ರಾರೆಡ್ ಬೆಳಕು ಬೀರುತ್ತದೆ. ನಮ್ಮ ಕಣ್ಣಿಗೆ ಕಾಣದ ಆ ಬೆಳಕು, ಲೆನ್ಸಿನ ಮುಂದೆ ನೇತಾಡುವ ಪುಟಾಣಿ ಜೇಡವನ್ನು ಬೆಳ್ಳನೆಯ ಬ್ರಹ್ಮರಾಕ್ಷಸನನ್ನಾಗಿ ತೋರಿಸುತ್ತದೆ. ಹಾರ್ಡ್‌ಡಿಸ್ಕ್ ತುಂಬಿದ ಮೇಲೆ, ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆ ಹಳೆಯದನ್ನು ಅಳಿಸಿ ಹೊಸದನ್ನು ಬರೆದುಕೊಳ್ಳುತ್ತದೆ. ನಮ್ಮಲ್ಲಿ ಅಳಿದದ್ದೂ ಜೇಡ, ಬರೆದದ್ದೂ ಜೇಡ.

ಹೂ ಕೀಳುವ ಆಂಟಿ ಬಂದೇ ಬಂದರು. ಸೆರಗು ಸರಿಮಾಡಿಕೊಂಡು, ಕ್ಯಾಮೆರಾಕ್ಕೊಂದು ನಗು ಕೊಟ್ಟು, ಬುಟ್ಟಿ ತುಂಬಿಸಿಕೊಂಡರು. ಆಮೇಲೆ ಎದುರು ಸಿಕ್ಕಾಗ, “ಚೆನ್ನಾಗಿ ಬಂದಿದೀನಾ ಸಾರ್? ಮಗಳಿಗೆ ವಾಟ್ಸ್ಯಾಪ್ ಮಾಡಬೇಕಿತ್ತು” ಅಂದರು. ಕಳಿಸಿಕೊಟ್ಟೆ.

ನೀವೂ ಕ್ಯಾಮೆರಾ ಹಾಕಿಸುವುದಾದರೆ ಮೊದಲು ಉದ್ದ ಕೋಲಿನ ಪೊರಕೆಯೊಂದನ್ನು ಕೊಳ್ಳಿ. ಜೇಡರ ಬಲೆ ತೆಗೆಯಲು ಕ್ಯಾಮೆರಾ ಅಂಗಡಿಯವರು ಬರುವುದಿಲ್ಲ.