ಬನ್ಸಿನ ಬಾಕಿ

ನನ್ನ ಪಿಎಚ್‌ಡಿ ಪ್ರಬಂಧಕ್ಕೆ ಐದು ವರ್ಷ ತುಂಬಿತು. ಮಗುವಾಗಿದ್ದರೆ ಇಷ್ಟರೊಳಗೆ ಅಂಗನವಾಡಿ ಸೇರಿರುತ್ತಿತ್ತು. ಕೊನೆಗೆ ಅಂಕೋಲಾ–ಕಾರವಾರ ಬಸ್ಸಿನಲ್ಲಿ ದಿನಾ ಓಡಾಡುವ ನಾವು ನಾಲ್ವರು ಕರಾರು ಮಾಡಿಕೊಂಡೆವು: ದಿನಕ್ಕೆ 200 ಪದ. ತಪ್ಪಿದವರು ಉಳಿದವರಿಗೆ ಬನ್ಸು-ಚಹಾ ಕೊಡಿಸಬೇಕು. ಮಾವಿನ ಕಾಲದಲ್ಲಾದರೆ ತಲಾ ಒಂದು ಕರಿ ಈಶಾಡು. ಆ ಹಣ್ಣಿಗೆ 2023ರಲ್ಲಿ ಜಿಐ ಮಾನ್ಯತೆ ಸಿಕ್ಕಿತು, ನನ್ನ ಪ್ರಬಂಧಕ್ಕೆ ಇನ್ನೂ ಯಾವ ಮಾನ್ಯತೆಯೂ ಇಲ್ಲ.

ಸ್ಫೂರ್ತಿ ಬರಲೆಂದು ಕಾರವಾರದ ಕಡಲತೀರಕ್ಕೂ ಹೋದೆ. 1880ರ ದಶಕದಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದ ಟಾಗೋರರು ನಾಟಕವನ್ನೇ ಬರೆದರು. ನಾನು ಎರಡು ಪ್ಲೇಟು ಚುರುಮುರಿ ತಿಂದು ಬಂದೆ. ಅಂಕೋಲೆಯ ದಿನಕರ ದೇಸಾಯಿಯವರನ್ನು ನೆನೆದರಂತೂ ನಾಚಿಕೆ: ರೈತ ಹೋರಾಟ, ಶಾಲೆ-ಕಾಲೇಜು, ಲೋಕಸಭೆ ಎಲ್ಲದರ ನಡುವೆಯೂ ನಾಲ್ಕು ಸಾಲಿನ ಚುಟುಕಗಳ ರಾಶಿ! ನನಗೆ ನಾಲ್ಕು ಸಾಲಿನ ಅಡಿಟಿಪ್ಪಣಿಗೇ ನಾಲ್ಕು ದಿನ ಬೇಕು.

ಕೆಲಸಕ್ಕೆ ಬಂದದ್ದು ಸ್ಫೂರ್ತಿಯಲ್ಲ, ಭಯ. ಬಸ್ಸು ಅವರ್ಸಾ ಮುಟ್ಟುವುದರೊಳಗೆ ಪಕ್ಕದ ಸೀಟಿನ ಅಕ್ಕೋರು, “ತಮ್ಮಾ, ಎಲ್ಲಿ, ತೋರಿಸು” ಎಂದು ಕೈ ಚಾಚುತ್ತಾರೆ. ಹಳೆಯ ಪುಟವನ್ನೇ ಎರಡು ಸಲ ತೋರಿಸಿ ಸಿಕ್ಕಿಬಿದ್ದಿದ್ದೇನೆ.

ಈಗ ಮೂರನೇ ಅಧ್ಯಾಯ ಮುಗಿದಿದೆ. ಬನ್ಸಿನ ಬಾಕಿ ಹದಿನೇಳು.